ನಲವತ್ತೊಂದನೇ ಪುಟದ ಪಾತಕಿ

ಆರ್ಲಿಸ್ ಹೌಗ್ಡಾಲ್ ಮೂವತ್ತೊಂದು ವರ್ಷ ನಮ್ಮ ನೋರ್ಬಿ ಊರಿನ ಶಾಲೆಯ ಅಡುಗೆಮನೆಯನ್ನು ಆಳಿದಳು. ಸೌಟೇ ರಾಜದಂಡ, ತಲೆಗೆ ಕಟ್ಟುವ ಬಲೆಯೇ ಕಿರೀಟ. ಹನ್ನೆರಡನೇ ತರಗತಿ ಮುಗಿಸಿದವರ ಔತಣಕ್ಕೆ ಮೂವತ್ತೊಂದು ಸಲ ಆಲೂಗಡ್ಡೆ ಬೇಯಿಸಿದ ಈ ಸಾಮ್ರಾಜ್ಞಿ ಸ್ವತಃ ಹನ್ನೆರಡನೇ ತರಗತಿ ಮುಗಿಸಿರಲಿಲ್ಲ. ಹದಿನೇಳಕ್ಕೆ ಮದುವೆ, ಹದಿನೆಂಟಕ್ಕೆ ತೊಟ್ಟಿಲು, ಆಮೇಲೆ ನಲವತ್ತು ಹಸು. ಹಸುಗಳು ಯಾರ ಓದಿಗೂ ಕಾಯುವುದಿಲ್ಲ.

ಮೊಮ್ಮಗಳು ಬ್ರಿಟಾ ಈ ಜೂನ್‌ನಲ್ಲಿ ಹನ್ನೆರಡನೇ ತರಗತಿ ಮುಗಿಸಿ, ನಿಲುವಂಗಿ ತೊಟ್ಟು ಪ್ರಮಾಣಪತ್ರಕ್ಕೆ ವೇದಿಕೆ ಹತ್ತುವವಳಿದ್ದಳು. ಅವಳ ಹಿಂದೆಯೇ ತಾನೂ ಹತ್ತಬೇಕೆಂದು ಐವತ್ತೊಂಬತ್ತರ ಆರ್ಲಿಸ್ ಪಣ ತೊಟ್ಟು, ದೊಡ್ಡವರ ಸಂಜೆ ತರಗತಿಗೆ ಸೇರಿದಳು. ಗಣಿತದ ಕೋಟೆ ಬಿತ್ತು. ಚರಿತ್ರೆ ಶರಣಾಯಿತು. ವಿಜ್ಞಾನ ಸಂಧಿಗೆ ಬಂತು. ಉಳಿದದ್ದು ಇಂಗ್ಲಿಷ್ ಒಂದೇ. ಅದರ ಬಾಗಿಲು ಕಾಯುತ್ತಿದ್ದವಳು ಫಿಲಡೆಲ್ಫಿಯಾದಿಂದ ಬಂದ ಇಪ್ಪತ್ತಾರರ ಹುಡುಗಿ, ಮಿಸ್ ಪ್ರೆಸ್ಲರ್. ಶಾಲೆ ಹೇಳಿದ ಐದು ಪುಸ್ತಕ, ಖುಷಿಗೆ ಓದಿದ ಐದು ಪುಸ್ತಕ. ಒಂದೊಂದರ ಬಗ್ಗೆಯೂ ಮನಸ್ಸಿಗೆ ಅನಿಸಿದ್ದನ್ನು ಒಂದೊಂದು ಪುಟ ಬರೆಯಬೇಕು. ಅಷ್ಟೇ ಅವಳ ಷರತ್ತು.

ಅಷ್ಟೇ ಅಂದರೆ ಹೇಗೆ? ಮಿನೆಸೋಟದ ಈ ಮೂಲೆಯಲ್ಲಿ ಯಾರೂ ಯಾವುದನ್ನೂ ಚೆನ್ನಾಗಿಲ್ಲ ಎನ್ನುವುದಿಲ್ಲ. ನೆಂಟರು ಸುಟ್ಟು ಇದ್ದಿಲಾದ ಮಾಂಸ-ಆಲೂಗಡ್ಡೆಯ ಹಾಟ್‌ಡಿಶ್ ಬಡಿಸಿದರೂ ನುಂಗಿ, "ಒಂಥರಾ ಬೇರೆಯಾಗಿದೆ" ಎನ್ನುತ್ತೇವೆ. ಅದಕ್ಕಿಂತ ಕ್ರೂರವಾದ ಮಾತು ನಮ್ಮ ಬಾಯಲ್ಲಿಲ್ಲ.

ಹಾಗಾಗಿ ಆರ್ಲಿಸಳ ನೋಟ್‌ಬುಕ್ಕಿನಲ್ಲಿ ಮೊದಲ ಪುಸ್ತಕಕ್ಕೆ "ಒಂಥರಾ ಬೇರೆಯಾಗಿದೆ" ಎಂದಿತ್ತು. ಎರಡನೆಯದಕ್ಕೆ "ಪರವಾಗಿಲ್ಲ." ಮೂರನೆಯದು ಸೇಬಿನ ತೋಟದಲ್ಲಿ ನಿಂತು ಗಂಡಸೊಬ್ಬ ಮುನ್ನೂರು ಪುಟ ಕೊರಗುವ ಕಾದಂಬರಿ. ಅದಕ್ಕೆ "ಬರೆದವರು ಬಹಳ ಕಷ್ಟಪಟ್ಟಿದ್ದಾರೆ."

"ಆರ್ಲಿಸ್ ಅವ್ರೇ, ನೀವು ಪುಸ್ತಕ ಓದಿದ್ದೀರಾ?" ಎಂದಳು ಮಿಸ್ ಪ್ರೆಸ್ಲರ್.

"ಎರಡೆರಡು ಸಲ, ಮಿಸ್."

"ಮತ್ತೆ ನಿಮಗೇನೂ ಅನ್ನಿಸ್ಲಿಲ್ವಾ?"

"ಅನ್ನಿಸ್ತು. ಆದ್ರೆ ಅದನ್ನ ಹೇಳೋದು ಸರಿಯಿರಲ್ಲ."

"ಹೇಳ್ದಿದ್ರೆ ಪಾಸ್ ಮಾಡೋಕಾಗಲ್ಲ. ಇಲ್ಲಿ ಕೇಳಿ, ಅನಿಸಿದ್ದು ಅಂದ್ರೆ ಹೀಗಿರ್ಬೇಕು." ಮಿಸ್ ಪ್ರೆಸ್ಲರ್ ಊರ ಗ್ರಂಥಾಲಯದ ಒಂದು ಪುಸ್ತಕ ತೆರೆದು, ಇಡೀ ತರಗತಿಗೆ ಕೇಳುವಂತೆ ಓದಿದಳು: "'ಗಂಡ ಮೂರ್ಖ. ಅದು ಹೆಂಡತಿಗೆ ತಿಳಿಯಲು ಇನ್ನೂರು ಪುಟ ಬೇಕಾಯಿತು. ನನಗೆ ಅವನು ಬೂಟು ಬಿಚ್ಚದೆ ಅಡುಗೆಮನೆಗೆ ಬಂದಾಗಲೇ ಗೊತ್ತಾಯಿತು.' ನಲವತ್ತೊಂದನೇ ಪುಟದ ಅಂಚಲ್ಲಿ ಯಾರೋ ಪೆನ್ಸಿಲ್ಲಲ್ಲಿ ಬರೆದಿದ್ದಾರೆ. ಎಷ್ಟೊಂದು ಪುಸ್ತಕದಲ್ಲಿದೆ ಗೊತ್ತಾ? ಯಾರೋ ಮಹಾತಾಯಿ!"

ಮಹಾತಾಯಿ ಕುರ್ಚಿಯಲ್ಲೇ ಕುಗ್ಗಿ ಮೇಜಿನ ಮಟ್ಟಕ್ಕಿಳಿದಳು.

ಒಮ್ಮೆ ಓದಿದ ಪುಸ್ತಕವನ್ನೇ ಮತ್ತೆ ಮನೆಗೆ ಹೊತ್ತೊಯ್ಯಬಾರದೆಂದು ನಮ್ಮೂರ ಓದುಗರು ಗುಟ್ಟಾಗಿ ಗುರುತು ಹಾಕುವುದುಂಟು. ಒಬ್ಬರು ಹದಿನೇಳನೇ ಪುಟದ ಸಂಖ್ಯೆಗೆ ಸುತ್ತು ಹಾಕಿದರೆ, ಇನ್ನೊಬ್ಬರು ಕೊನೆಯ ಪುಟದಲ್ಲಿ ಚುಕ್ಕೆ ಇಡುತ್ತಾರೆ. ಆರ್ಲಿಸಳ ಪಾಲಿಗೆ ನಲವತ್ತೊಂದನೇ ಪುಟ. ಮೊದಲು ಬರೀ ಗೀಟು. ಗೀಟಿನ ಪಕ್ಕ ಒಂದು ದಿನ ಒಂದು ಪದ ಬಂತು, ಪದ ವಾಕ್ಯವಾಯಿತು, ವಾಕ್ಯ ನಾಲ್ಕಾಯಿತು. ಬಾಯಲ್ಲಿ ಹೇಳಲಾಗದ್ದೆಲ್ಲ ಹದಿನಾಲ್ಕು ವರ್ಷದಿಂದ ಅಲ್ಲಿಗೆ ಹರಿದಿತ್ತು. ಇತ್ತ ಗ್ರಂಥಪಾಲಕಿ ಡೆಲ್ಫೀನ್ ಕ್ರೋನ್ ಹದಿನಾಲ್ಕು ವರ್ಷದಿಂದ ಬಾಗಿಲಿಗೆ ಚೀಟಿ ಅಂಟಿಸಿದ್ದಳು: ಪುಸ್ತಕದಲ್ಲಿ ಬರೆಯುವವರು ಸಿಕ್ಕಿದರೆ ಅವರ ಕಾರ್ಡು ಜೀವನಪೂರ್ತಿ ರದ್ದು.

ಆ ವಾರ ಆರ್ಲಿಸ್ ಹಲ್ಲು ಕಚ್ಚಿ ಹತ್ತೂ ಪುಸ್ತಕಗಳ ಬಗ್ಗೆ ಅನಿಸಿದ್ದನ್ನೇ ಬರೆದು ಒಪ್ಪಿಸಿದಳು. ಮಿಸ್ ಪ್ರೆಸ್ಲರ್ ಓದಿದಳು, ನಕ್ಕಳು, ಮತ್ತೆ ಓದಿದಳು, ಮುಖ ಬಿಗಿದುಕೊಂಡಳು.

"ಇದು ಕಾಪಿ, ಆರ್ಲಿಸ್ ಅವ್ರೇ. ನಲವತ್ತೊಂದನೇ ಪುಟದಿಂದ ಎತ್ತಿದ್ದೀರಿ. ಖುಷಿಗೆ ಓದಿದ ಐದರಲ್ಲೂ ಅದೇ ಮಾತು. ನಂಗೆ ಬೇಜಾರಾಗುತ್ತೆ, ಆದ್ರೆ ಇದಕ್ಕೆ ಸೊನ್ನೆ."

ತನ್ನ ಜೇಬನ್ನು ತಾನೇ ಕತ್ತರಿಸಿಕೊಂಡು ಕಳ್ಳಿ ಎನಿಸಿಕೊಂಡವರು ಜಗತ್ತಿನಲ್ಲಿ ಎಷ್ಟು ಜನ? ಆರ್ಲಿಸ್ ತಕ್ಕಡಿಯ ಎರಡು ತಟ್ಟೆ ತೂಗಿದಳು: ಒಂದರಲ್ಲಿ ಬ್ರಿಟಾಳ ಹಿಂದೆ ಹತ್ತುವ ಐದು ಮೆಟ್ಟಿಲು, ಇನ್ನೊಂದರಲ್ಲಿ ಗ್ರಂಥಾಲಯದ ಕಾರ್ಡು. ಕೊನೆಗೆ ಕೋಟು ತೊಟ್ಟಳು. "ಬನ್ನಿ ಮಿಸ್. ಒಬ್ರ ಹತ್ರ ತಪ್ಪೊಪ್ಕೋಬೇಕು."

ಗ್ರಂಥಾಲಯದಲ್ಲಿ ಡೆಲ್ಫೀನ್ ಮೇಜಿನ ಹಿಂದೆ ಕೂತಿದ್ದಳು, ಪಕ್ಕದ ತಟ್ಟೆಯಲ್ಲಿ ರೂಬಾರ್ಬ್ ಎಂಬ ಹುಳಿದಂಟಿನ ಬರ್ಫಿಯ ಕಟ್ಟಕಡೆಯ ತುಂಡು. ಆರ್ಲಿಸ್ ಕಾರ್ಡನ್ನು ಮೇಜಿನ ಮೇಲಿಟ್ಟಳು. "ಡೆಲ್ಫೀನ್, ಆ ನಲವತ್ತೊಂದು... ನಾನೇ ಕಣೇ."

ಡೆಲ್ಫೀನ್ ಕನ್ನಡಕ ಇಳಿಸಿದಳು. "ಗೊತ್ತು."

"ಗೊತ್ತಾ!"

"ಹದಿಮೂರು ವರ್ಷದಿಂದ ಗೊತ್ತು. ಪ್ರತಿ ಅಂಚಲ್ಲೂ ಶಾಲೆ ಗ್ರೇವಿ ಬೆರಳಚ್ಚು. ಅಷ್ಟು ತೆಳ್ಳಗಿನ ಗ್ರೇವಿ ಈ ಜಿಲ್ಲೇಲಿ ಇನ್ಯಾರು ಮಾಡ್ತಾರೆ?"

"ಮತ್ತೆ ಆ ಚೀಟಿ?"

"ಅದು ನಿಂಗಲ್ಲ, ಮಿಕ್ಕವ್ರಿಗೆ. ಅಂಚಂಚಿಗೆ 'ಒಂಥರಾ ಬೇರೆಯಾಗಿದೆ' ಅಂತ ಊರವ್ರೆಲ್ಲ ಗೀಚೋಕೆ ಶುರು ಮಾಡಿದ್ರೆ ನನ್ನ ಗತಿ? ಜನ ನಲವತ್ತೊಂದು ನೋಡದೆ ಪುಸ್ತಕ ಒಯ್ಯಲ್ಲ ಕಣೇ. ನಂಗೆ ಸಿಟ್ಟಿರೋದು ಒಂದಕ್ಕೇ. ಆ ದೋಣಿಮನೆ ಪತ್ತೇದಾರಿಲಿ ಕೊಲೆಗಾರ ಯಾರು ಅಂತ ಬರೆದುಬಿಟ್ಟೆಯಲ್ಲೇ, ಪಾಪಿ!"

"ಅವ್ನು ಎರಡನೇ ಪುಟದಲ್ಲೇ ಬೆವರ್ತಿದ್ದ, ಡೆಲ್ಫೀನ್!"

ಮಿಸ್ ಪ್ರೆಸ್ಲರ್ ಅಲ್ಲೇ ಕೆಂಪು ಪೆನ್ನು ತೆಗೆದು ಸೊನ್ನೆ ಹೊಡೆದುಹಾಕಿದಳು. ಆರ್ಲಿಸಳ ಎದೆಯಿಂದ ಹದಿನಾಲ್ಕು ವರ್ಷದ ಉಸಿರು ಒಂದೇ ಸಲ ಹೊರಬಿತ್ತು. ಕಪಾಟಿನ ಮೇಲಿದ್ದ ಕ್ಯಾಲೆಂಡರು ಅಲುಗಿತು ಎನ್ನುವವರಿದ್ದಾರೆ. ಡೆಲ್ಫೀನ್ ಕಾರ್ಡನ್ನು ಅವಳ ಕಡೆಗೇ ತಳ್ಳಿ, "ಸರಿ, ತರಗತಿಗೆ ಅಂತ ಒಯ್ದೆಯಲ್ಲ, ಆ ಸೇಬಿನ ತೋಟದ ಪುಸ್ತಕ ಹೇಗಿದೆ?" ಎಂದಳು.

"ಚೆನ್ನಾಗಿಲ್ಲ," ಎಂದಳು ಆರ್ಲಿಸ್. ಜೋರಾಗಿ. ನೋರ್ಬಿಯಲ್ಲಿ. ಹಗಲು ಹೊತ್ತಿನಲ್ಲಿ.

ಯಾರೋ ಕೆಮ್ಮಿದರು. ಡೆಲ್ಫೀನ್ ಬರ್ಫಿಯ ತಟ್ಟೆ ಮುಂದೆ ಹಿಡಿದಳು. ನಮ್ಮಲ್ಲಿ ಎರಡು ಸಲ ಬೇಡವೆಂದು ಮೂರನೇ ಸಲ ಒಪ್ಪಬೇಕು. ಅದೂ ಕೊನೆಯ ತುಂಡಾದರೆ ಅರ್ಧ ಕತ್ತರಿಸಿ ಉಳಿದರ್ಧ ಬಿಡಬೇಕು. ಆರ್ಲಿಸ್ ಮೊದಲ ಸಲಕ್ಕೇ ಇಡೀ ತುಂಡು ಬಾಯಿಗೆ ಹಾಕಿಕೊಂಡಳು.

ಜೂನ್‌ನಲ್ಲಿ ಬ್ರಿಟಾಳ ಹಿಂದೆ ಅಜ್ಜಿಯೂ ಐದು ಮೆಟ್ಟಿಲು ಹತ್ತಿ ಇಳಿದಳು. ಮೂವತ್ತೆರಡನೇ ಔತಣದಲ್ಲಿ ಅವಳು ಚೌಕದ ಟೋಪಿ ತೊಟ್ಟು ಕುಳಿತೇ ಉಂಡಳು. ಹೊಸ ಅಡುಗೆಯವಳು ಏಪ್ರನ್ನಿನ ಅಂಚು ಹಿಂಡುತ್ತ ಬಂದು, "ಅಮ್ಮಾ, ಆಲೂಗಡ್ಡೆ ಹೇಗಿದೆ?" ಎಂದು ಕೇಳಿದಳು.

ಆರ್ಲಿಸ್ ನಿಧಾನವಾಗಿ ಅಗಿದಳು. ಉಪ್ಪೇ ಇರಲಿಲ್ಲ.

"ಒಂಥರಾ ಬೇರೆಯಾಗಿದೆ, ಮಗಾ," ಎಂದಳು.