ಬೆವರದ ಅತ್ತಿಗೆ

ಅಣ್ಣನನ್ನು ಮದುವೆಯಾಗಿ ಅತ್ತಿಗೆ ತಂಬ್ರಹಳ್ಳಿಯಿಂದ ಕೊಟ್ಟೂರಿನ ನಮ್ಮ ಮನೆಗೆ ಬಂದದ್ದು ತೊಂಬತ್ತರ ದಶಕದ ಒಂದು ಚಳಿಗಾಲದಲ್ಲಿ. ನಾನಾಗ ಕಾಲೇಜಿಗೆ ಹೋಗುತ್ತಿದ್ದೆ. ಬೇಸಿಗೆ ಬರುವವರೆಗೂ ನಮಗೇನೂ ಗೊತ್ತಾಗಲಿಲ್ಲ.

ಮೊದಲು ಗಮನಿಸಿದವಳು ಅವ್ವ. ಒಲೆಯ ಮುಂದೆ ರೊಟ್ಟಿ ಬಡಿಯುವಾಗ ಅವ್ವನ ರವಿಕೆ ಬೆನ್ನಿಗೆ ಅಂಟಿಕೊಂಡಿತ್ತು, ನನ್ನ ಹುಬ್ಬಿನಿಂದ ಬೆವರು ಕಣ್ಣಿಗಿಳಿಯುತ್ತಿತ್ತು. ಪಕ್ಕದಲ್ಲಿದ್ದ ಅತ್ತಿಗೆಯ ಮುಖ ಕೆಂಡದಂತೆ ಕೆಂಪಾಗಿತ್ತು, ಆದರೆ ಒಂದು ಹನಿ ಬೆವರಿಲ್ಲ.

"ಮನುಷ್ಯಾರ ಮೈ ಅಂದಮ್ಯಾಲೆ ಬೆವರಬೇಕು. ಇಕಿದು ಯಾತರ ಮೈಯೋ," ಎಂದಳು ಅಜ್ಜಿ, ಅತ್ತಿಗೆ ಆಚೆ ಹೋದಾಗ.

ಆಮೇಲೆ ಹೆಜ್ಜೆಗಳು ಶುರುವಾದವು. ಮಧ್ಯಾಹ್ನ ಎಲ್ಲರೂ ಬಾಗಿಲು ಹಾಕಿಕೊಂಡು ಮಲಗಿರುವಾಗ ಪಡಸಾಲೆಯ ಕಪ್ಪು ಹಾಸುಗಲ್ಲಿನ ಮೇಲೆ ಒದ್ದೆ ಪಾದದ ಗುರುತುಗಳು ಮೂಡುತ್ತಿದ್ದವು. ನೋಡುತ್ತಿದ್ದಂತೆಯೇ ಅಂಚಿನಿಂದ ಆರುತ್ತಾ ಬೆರಳ ಗುರುತುಗಳಷ್ಟೇ ಉಳಿದು, ಅವೂ ಮಾಯವಾಗುತ್ತಿದ್ದವು. ಅಜ್ಜಿ ಬಾಗಿಲಿಗೆ ನಿಂಬೆಹಣ್ಣು ಕಟ್ಟಿಸಿದಳು.

ಒಂದು ದಿನ ಆರುವ ಮೊದಲೇ ಆ ಹೆಜ್ಜೆಗಳ ಹಿಂದೆ ಹೋದೆ. ಅವು ಬಚ್ಚಲಿನಿಂದ ಹೊರಟು ಕಾಳಿನ ಕೋಣೆ ಸೇರಿದ್ದವು. ಕತ್ತಲಲ್ಲಿ, ಚೀಲಗಳ ಸಂದಿಯಲ್ಲಿ, ತಲೆಯಿಂದ ಕಾಲಿನವರೆಗೆ ಬಿಳಿ ಬಟ್ಟೆ ಸುತ್ತಿಕೊಂಡ ಆಕೃತಿಯೊಂದು ಗೋಡೆಗೆ ಒರಗಿ ನಿಂತಿತ್ತು. ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಬಾಯಿಯಿದ್ದ ಜಾಗದಲ್ಲಿ ಬಟ್ಟೆ ಒಳಹೋಗಿ ಹೊರಬರುತ್ತಿತ್ತು. ನಾನು ಬಾಗಿಲಿನತ್ತ ಹಿಂದೆ ಸರಿದೆ.

"ಬಾಗಲಾ ಹಾಕು. ನಾನ ಅದೀನಿ," ಎಂದಿತು ಅತ್ತಿಗೆಯ ದನಿ.

ಮುಸುಕು ತೆಗೆದು ನನ್ನ ಕೈಯನ್ನು ತನ್ನ ತೋಳಿನ ಮೇಲಿಟ್ಟುಕೊಂಡಳು. ಬಿಸಿಲಲ್ಲಿ ಬಿದ್ದ ಕಲ್ಲು ಮುಟ್ಟಿದಂತಾಯಿತು.

"ಹುಟ್ಟಿದಾಗಿಂದ ಹಿಂಗ. ಬಿಸಿಲು ಒಳಗ ಹೊಕ್ಕರ ಹೊರಗ ಬರಂಗಿಲ್ಲ. ತವರಾಗ ನಮ್ಮವ್ವ ಯಾರಿಗೂ ಹೇಳಬ್ಯಾಡ ಅಂದಾಳ. ನೀನೂ ಹೇಳಬ್ಯಾಡ."

ನಾನು ಒಪ್ಪಿದೆ. ಆದರೆ ಅದೇ ವಾರ ನಲ್ಲಿ ನೀರು ನಿಂತಿತು, ಬಚ್ಚಲ ಹಂಡೆ ಬರಿದಾಯಿತು. ಮಧ್ಯಾಹ್ನ ಅತ್ತಿಗೆ ಪಡಸಾಲೆಯಲ್ಲಿ ನಿಂತು ಖಾಲಿ ಗೋಡೆಯನ್ನೇ ನೋಡುತ್ತಾ, "ಅಲ್ಲಿ ಯಾರೋ ನಿಂತಾರ, ಕರದ್ರೂ ಬರವಲ್ರು," ಎಂದಳು. ಅಜ್ಜಿ ಹೆದರಿ ಮೂಲೆಗೆ ಸರಿದಳು. ಅತ್ತಿಗೆ ಕುಸಿದುಬಿದ್ದಳು.

ನಾನು ಎಲ್ಲವನ್ನೂ ಹೇಳಿಬಿಟ್ಟೆ. ಕುಡಿಯುವ ನೀರಿನ ಕೊಡಗಳನ್ನು ಅವಳ ಮೇಲೆ ಸುರಿದೆವು. ಅಣ್ಣ ಜೀಪು ತಂದ. ಹರಪನಹಳ್ಳಿ ಆಸ್ಪತ್ರೆಯ ದಾರಿಯುದ್ದಕ್ಕೂ ಅವ್ವ ಅವಳಿಗೆ ಒದ್ದೆ ಸೀರೆಯಿಂದ ಗಾಳಿ ಹಾಕುತ್ತಿದ್ದಳು.

"ಚರ್ಮ ಬರೀ ಹೊದಿಕೆ ಅಲ್ರಿ," ಎಂದರು ಅಲ್ಲಿನ ಡಾಕ್ಟರು, ಸಂಜೆ ಅವಳಿಗೆ ಎಚ್ಚರವಾದ ಮೇಲೆ. "ಹೊರಗಿನ ಧೂಳು, ರೋಗ ಒಳಗೆ ಬರದಂಗೆ ಕಾಯ್ತೈತಿ. ಒಳಗಿನ ಬಿಸೀನ ಹೊರಗೆ ಹಾಕ್ತೈತಿ. ಬೆವರು ಆರಿದಾಗ ಮೈ ತಂಪಾಗ್ತೈತಿ. ಈಕಿಗೆ ಬೆವರೇ ಬರಲ್ಲ, ಬಿಸಿ ತಲೆಗೇರಿ ಇಲ್ಲದ್ದು ಕಂಡೈತಿ. ಒದ್ದೆ ಬಟ್ಟೇನೇ ಈಕಿ ಬೆವರು ಅನ್ಕೊಳ್ರಿ."

ಅಂದಿನಿಂದ ನಮ್ಮ ಮನೆಯಲ್ಲಿ ರೊಟ್ಟಿ ಕೆಲಸ ನಸುಕಿನಲ್ಲೇ ಮುಗಿಯುತ್ತಿತ್ತು. ಅತ್ತಿಗೆ ಹಗಲಲ್ಲೇ, ಎಲ್ಲರೆದುರಿಗೆ, ಸೀರೆ ತೋಯಿಸಿಕೊಂಡು ಓಡಾಡುತ್ತಿದ್ದಳು.

ಎರಡು ಬೇಸಿಗೆ ಕಳೆದು ಅವಳಿಗೆ ಮಗಳು ಹುಟ್ಟಿದಳು. ಬಿರುಬಿಸಿಲಿನ ದಿನಗಳಲ್ಲಿ ಅತ್ತಿಗೆ ತೊಟ್ಟಿಲ ಪಕ್ಕದಿಂದ ಏಳುತ್ತಲೇ ಇರಲಿಲ್ಲ. ಮಗುವಿನ ಕತ್ತನ್ನು ಮತ್ತೆ ಮತ್ತೆ ಮುಟ್ಟಿ ನೋಡುತ್ತಿದ್ದಳು. ಒಂದು ಮಧ್ಯಾಹ್ನ ನನ್ನನ್ನು ಕರೆದು ಬೆರಳು ತೋರಿಸಿದಳು. ತುದಿ ಒದ್ದೆಯಾಗಿತ್ತು.

"ಬೆವತಾಳ," ಎಂದಳು, ಮೆಲ್ಲಗೆ. ಆ ಬೆರಳನ್ನು ನಾಲಿಗೆಗೆ ಮುಟ್ಟಿಸಿ, "ಹಿಂಗಿರತೈತೇನ?" ಎಂದು ನನ್ನನ್ನು ಕೇಳಿದಳು.