ನಾನು ಮೀಡಿಯಂ ಆಗಿದ್ದ ವರ್ಷ

ಒಂದು ಕಾಲಕ್ಕೆ ನಾನು ಮೀಡಿಯಂ ಆಗಿದ್ದೆ. ಈಗ ನನ್ನನ್ನು ನೋಡುವವರು ಇದನ್ನು ನಂಬುವುದಿಲ್ಲ. ಆಗ ನೋಡಿದವರೂ ನಂಬಿರಲಿಲ್ಲ. ಆದರೂ ಅದು ನಿಜ. ಸಾಕ್ಷಿಗೆ ತಿರುಪ್ಪೂರಿನ ಒಂದು ಬನಿಯನ್ ಕಂಪನಿಯ ಕಟಿಂಗ್ ಮಾಸ್ಟರ್ ಇದ್ದರು, ಸಮುದ್ರದಾಚೆಯಿಂದ ಬಂದ ಒಬ್ಬ ಹೆಂಗಸು ಇದ್ದಳು, ರಾಶಿ ರಾಶಿ ಟೀ ಶರ್ಟುಗಳಿದ್ದವು. ಆ ಪದವಿ ನನ್ನ ಬಳಿ ಒಂದೇ ಒಂದು ವರ್ಷ ಇತ್ತು. ಆಮೇಲೆ ಒಂದು ಹಿಡಿ ತೂಕವೂ ಹೆಚ್ಚದೆ ಲಾರ್ಜ್ ಆದೆ. ಇದು ಹೇಗೆ ಸಾಧ್ಯ ಎಂದು ನೀವು ಕೇಳುತ್ತೀರಿ. ನಾನೂ ಕೇಳಿದ್ದೆ.

ಎಂಬತ್ತರ ದಶಕದ ನಡುಭಾಗದ ಮಾತು. ನಮ್ಮದು ಪಲ್ಲಡದಲ್ಲಿ ನಾಲ್ಕು ಪವರ್‌ಲೂಮ್ ಇದ್ದ ನೇಕಾರರ ಮನೆ. ಹೊಸಿಲ ಒಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಕನ್ನಡ ಮಾತಾಡಲು ಬರುತ್ತಿತ್ತು, ಬರೆಯಲು ಬರುತ್ತಿರಲಿಲ್ಲ. ನಾನು ಅಕ್ಷರ ಕಲಿತದ್ದು ಮದುವೆಯಾಗಿ ಕೊಳ್ಳೇಗಾಲಕ್ಕೆ ಬಂದ ಮೇಲೆ. ಆದ್ದರಿಂದ ಈ ಬರಹದಲ್ಲಿ ಎಲ್ಲಾದರೂ ತಮಿಳಿನ ರಾಗ ಕೇಳಿಸಿದರೆ ಹೊಂದಿಸಿಕೊಳ್ಳಬೇಕು.

ಮಗ್ಗಗಳ ಮನೆಯಲ್ಲಿ ಒಂದು ತೊಂದರೆಯಿದೆ. ಅಲ್ಲಿ ಯಾರೂ ಪಿಸುಗುಟ್ಟಲಾರರು. ನಾಲ್ಕು ಮಗ್ಗ ಒಟ್ಟಿಗೆ ಓಡುವಾಗ ಉಪ್ಪು ಎಲ್ಲಿದೆ ಎಂದು ಕೇಳಬೇಕಾದರೂ ಕೂಗಲೇಬೇಕು. ಹೀಗಾಗಿ ನನ್ನ ಮೈಯ ಬಗ್ಗೆ ದೊಡ್ಡವ್ವ ಅವ್ವನ ಕಿವಿಯಲ್ಲಿ ಹೇಳುವ ಗುಟ್ಟಿನ ಮಾತು ಮೂರು ಮನೆಯಾಚೆಗೂ ತಲುಪುತ್ತಿತ್ತು.

“ಸರೋಜ ಇನ್ನೂ ಗುಂಡಾಗ್ತಾ ಇದಾಳೆ! ಇವಳಿಗೆ ತುಪ್ಪ ನಿಪ್ಪಾಟು!” ನಿಲ್ಲಿಸು ಎನ್ನುವುದಕ್ಕೆ ನಮ್ಮ ಕಡೆ ನಿಪ್ಪಾಟು ಎನ್ನುತ್ತೇವೆ.

ದೊಡ್ಡವ್ವ ಎಂದರೆ ಅಪ್ಪನ ಅತ್ತಿಗೆ. ನನ್ನ ಮೇಲೆ ಅವಳಿಗೆ ಪ್ರಾಣ. ಅದಕ್ಕೇ ದಿನಾ ಬೆಳಿಗ್ಗೆ ಹುರುಳಿ ಬೇಯಿಸಿದ ನೀರನ್ನು ಒಂದು ಲೋಟ ತಂದು, ನಾನು ಕೊನೆಯ ಗುಟುಕು ನುಂಗುವವರೆಗೆ ಎದುರಿಗೆ ನಿಂತಿರುತ್ತಿದ್ದಳು. ಹುರುಳಿ ಕೊಬ್ಬು ಕರಗಿಸುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ನನ್ನಲ್ಲಿ ಅದು ಹಸಿವನ್ನು ಮಾತ್ರ ಹೆಚ್ಚಿಸಿತು. ಅಷ್ಟರಲ್ಲಿ ಎರಡು ಕಡೆಯವರು ನನ್ನನ್ನು ನೋಡಿಹೋಗಿದ್ದರು. ಎರಡೂ ಮನೆಯಿಂದ ಒಂದೇ ಮಾತು ಬಂದಿತ್ತು: ಹುಡುಗಿ ಲಕ್ಷಣವಾಗಿದ್ದಾಳೆ, ಕೊಂಚ ದಪ್ಪ. ಆ “ಕೊಂಚ” ಎಂಬ ಪದವನ್ನು ಸೇರಿಸಿದವರ ದೊಡ್ಡ ಮನಸ್ಸನ್ನು ಈಗ ಮೆಚ್ಚುತ್ತೇನೆ. ಆಗ ಕೊಟ್ಟಿಗೆಯ ಹಿಂದೆ ಕೂತು ಅತ್ತಿದ್ದೆ.

ನಾನು ದಿನಾ ಬಸ್ಸಿನಲ್ಲಿ ತಿರುಪ್ಪೂರಿಗೆ ಹೋಗಿ ಬನಿಯನ್ ಕಂಪನಿಯಲ್ಲಿ ಚೆಕ್ಕಿಂಗ್ ಕೆಲಸ ಮಾಡುತ್ತಿದ್ದೆ. ಹೊಲಿದು ಬಂದ ಬಟ್ಟೆಯನ್ನು ಮೇಜಿನ ಮೇಲೆ ಹರಡಿ, ತೂತು, ಎಣ್ಣೆ ಕಲೆ, ಬಿಟ್ಟುಹೋದ ಹೊಲಿಗೆ ಹುಡುಕುವುದು. ಇತರರ ಕುಂದು ಹುಡುಕುವ ಕೆಲಸಕ್ಕೆ ಸಂಬಳವೂ ಬರುತ್ತದೆಂದು ಗೊತ್ತಾದರೆ ನಮ್ಮ ನೆಂಟರಲ್ಲಿ ಅರ್ಧ ಜನ ಅಲ್ಲಿಗೇ ಸೇರುತ್ತಿದ್ದರು. ಅಲ್ಲಿಯವರೆಗೆ ನಮ್ಮ ಕಂಪನಿ ಗಂಡಸರ ಬಿಳಿ ಬನಿಯನ್ ಮಾತ್ರ ಮಾಡುತ್ತಿತ್ತು. ಆ ವರ್ಷ ಮೊದಲ ಸಲ ವಿದೇಶದಿಂದ ಹೆಂಗಸರ ಟೀ ಶರ್ಟಿನ ಆರ್ಡರು ಬಂತು, ಜೊತೆಗೆ ಅಳತೆಯ ಕಾಗದವೂ ಬಂತು. ಕಟಿಂಗ್ ಮಾಸ್ಟರ್ ಅದನ್ನು ಮೂರು ಸಲ ಓದಿದರು, ಕನ್ನಡಕ ಒರೆಸಿ ನಾಲ್ಕನೆಯ ಸಲ ಓದಿದರು. ಅವರು ತಮಿಳಿನಲ್ಲಿ ಹೇಳಿದ್ದನ್ನು ಕನ್ನಡಕ್ಕೆ ತಂದರೆ ಹೀಗೆ: “ಇದು ಮೀಡಿಯಮ್ಮಾ? ನಮ್ಮೂರ ಎರಡು ಪೊಣ್ಣುಗಳು ಸೇರಿ ಇದರೊಳಗೆ ಸಂಸಾರ ಮಾಡಬಹುದು.”

ಆ ವರ್ಷ ಅಲ್ಲಿ ದೊಗಳೆ ಉಡುಪಿನ ಕಾಲವಂತೆ. ಭುಜ ಮೊಣಕೈಗೆ ಇಳಿದಿರಬೇಕು, ತೋಳಿನಲ್ಲಿ ಗಾಳಿ ಆಡಬೇಕು. ಸ್ಯಾಂಪಲ್ ನೋಡಲು ಖರೀದಿದಾರಳು ತಾನೇ ಬಂದಳು. ನಲವತ್ತರ ಆಸುಪಾಸಿನ ಎತ್ತರದ ಹೆಂಗಸು, ಬಿಸಿಲಿಗೆ ಮೂಗಿನ ತುದಿ ಕೆಂಪಾಗಿತ್ತು. ಬಟ್ಟೆಯನ್ನು ಮೇಜಿನ ಮೇಲೆ ನೋಡಿದರೆ ಸಾಲದು, ಮೈಮೇಲೆ ನೋಡಬೇಕು ಎಂದಳು. ಮ್ಯಾನೇಜರ್ ಗಾಬರಿಯಾಗಿ ಆಫೀಸಿನ ಕೋಣೆಯನ್ನು ಹೆಂಗಸರಿಗೆ ಬಿಟ್ಟುಕೊಟ್ಟು ಹೊರಗೆ ನಿಂತರು. ಮೊದಲು ನಮ್ಮಲ್ಲೇ ಅಂದಗಾತಿ ಎಂದು ಹೆಸರಾಗಿದ್ದ ಧನಲಕ್ಷ್ಮಿಗೆ ತೊಡಿಸಿದರು. ದಾವಣಿಯ ಮೇಲೆ ಹಾಕಿದ ಆ ಅಂಗಿ ಅವಳ ಮೇಲೆ ಒಣಗಲು ಹಾಕಿದ ಹಾಗೆ ಜೋತುಬಿತ್ತು. ಇನ್ನೊಬ್ಬಳಿಗೆ ತೊಡಿಸಿದರು, ಅವಳು ಒಳಗೆಲ್ಲಿದ್ದಾಳೆಂದು ಹುಡುಕಬೇಕಾಯಿತು. ಖರೀದಿದಾರಳು ಬಾಗಿಲಿನಿಂದ ಚೆಕ್ಕಿಂಗ್ ಮೇಜುಗಳತ್ತ ಕಣ್ಣು ಹಾಯಿಸಿ ನನ್ನತ್ತ ಬೆರಳು ತೋರಿಸಿದಳು. ಬಟ್ಟೆಯಲ್ಲಿ ಏನೋ ತಪ್ಪು ಬಿಟ್ಟಿದ್ದೇನೆ ಎಂದುಕೊಂಡು ಹೋದೆ.

ತೊಟ್ಟೆ. ಅವಳು ನನ್ನ ಸುತ್ತ ಒಂದು ಸುತ್ತು ಬಂದು, ಭುಜದ ಹೊಲಿಗೆ ಸರಿಮಾಡಿ, ಎರಡೂ ಕೈ ತಟ್ಟಿದಳು. “ಪರ್ಫೆಕ್ಟ್! ಪರ್ಫೆಕ್ಟ್ ಮೀಡಿಯಂ!”

ಇಪ್ಪತ್ತೆರಡು ವರ್ಷದಲ್ಲಿ ನನ್ನ ಮೈಯನ್ನು ನೋಡಿ ಯಾರಾದರೂ ಕೈ ತಟ್ಟಿದ್ದು ಅದೇ ಮೊದಲು.

ಆ ಸಂಜೆ ಪಲ್ಲಡದ ಬಸ್ಸಿನಲ್ಲಿ ನನಗೆ ಸೀಟು ಸಿಗಲಿಲ್ಲ, ಸಿಗಲಿಲ್ಲವೆಂಬುದು ತಿಳಿಯಲೂ ಇಲ್ಲ. ಮನೆ ಹೊಕ್ಕವಳೇ ಮಗ್ಗಗಳ ಸದ್ದಿನ ಮೇಲೆ ಕೂಗಿದೆ, “ಅವ್ವಾ, ನಾನು ಮೀಡಿಯಂ!”

“ಹಂಗಂದ್ರೆ?”

“ಗುಂಡೂ ಅಲ್ಲ, ಒಲ್ಲೀನೂ ಅಲ್ಲ. ನಡೂ ಸೈಜು!”

ದೊಡ್ಡವ್ವ ಹುರುಳಿ ಆರಿಸುವುದನ್ನು ನಿಲ್ಲಿಸಿ ಕೇಳಿದಳು, “ಯಾವ ಊರಲ್ಲಿ?”

ಆ ಪ್ರಶ್ನೆಗೆ ಉತ್ತರ ಹುಡುಕುತ್ತ ನಾನು ಬಹಳ ಯೋಚಿಸಿದ್ದೇನೆ. ಸೀರೆಗೆ ಸೈಜು ಇಲ್ಲ, ಗಮನಿಸಿದ್ದೀರಾ? ನಮ್ಮ ಹಿರಿಯರು ತಲೆತಲಾಂತರದಿಂದ ಸೀರೆ ನೇಯ್ದರು. ಅಷ್ಟು ಮೊಳ ಎಂದು ಬಟ್ಟೆಯನ್ನು ಅಳೆದರೇ ಹೊರತು ಉಡುವವಳನ್ನು ಅಳೆಯಲಿಲ್ಲ. ಬಸುರಿಗೂ ಬಾಣಂತಿಗೂ ಒಂದೇ ಸೀರೆ, ಎರಡು ನೆರಿಗೆ ಹೆಚ್ಚು, ಎರಡು ನೆರಿಗೆ ಕಡಿಮೆ. ಊರಿನ ದರ್ಜಿ ರವಿಕೆಗೆ ಅಳತೆ ತೆಗೆದುಕೊಂಡರೂ ಅದು ಅವನ ನೋಟ್‌ಬುಕ್ಕಿನಲ್ಲೇ ಉಳಿಯುತ್ತಿತ್ತು, ಕುತ್ತಿಗೆಯ ಹಿಂದೆ ಚೀಟಿಯಾಗಿ ಹೊಲಿದುಕೊಂಡು ಬರುತ್ತಿರಲಿಲ್ಲ. ನಮ್ಮ ಕುಲದ ಮೂಲಪುರುಷ ದೇವಲ ಮಹರ್ಷಿ ದೇವತೆಗಳಿಗೆಲ್ಲ ಬಟ್ಟೆ ನೇಯ್ದು ಕೊಟ್ಟನೆಂದು ನಮ್ಮಲ್ಲಿ ಕಥೆಯಿದೆ. ಆ ಸಾಲಿನಲ್ಲಿ ಗಣಪತಿಯೂ ನಿಂತಿದ್ದಿರಬೇಕು. ಅವನಿಗೆ ಬೇರೆ ಸೈಜು ಬೇಕಾಯಿತೆಂದು ದೊಡ್ಡವ್ವ ಕೂಡ ಎಂದೂ ಹೇಳಿದ್ದಿಲ್ಲ. ಸಿದ್ಧ ಉಡುಪು ಬಂದ ಮೇಲೆ ಲೋಕದ ಮೈಗಳೆಲ್ಲ ಮೂರು ನಾಲ್ಕು ಅಕ್ಷರಗಳಲ್ಲಿ ಅಡಗಬೇಕಾಯಿತು.

ಈ ವಿವೇಕವೆಲ್ಲ ಈಗ ಬಂದದ್ದು. ಆಗ ನನಗಿದ್ದದ್ದು ಜಂಭ. ವರ್ಷವಿಡೀ ಪ್ರತಿ ಸ್ಯಾಂಪಲಿಗೂ ನನ್ನನ್ನೇ ಕರೆಯುತ್ತಿದ್ದರು. ಊಟದ ಹೊತ್ತಿನಲ್ಲಿ ಧನಲಕ್ಷ್ಮಿ, “ಅಕ್ಕಾ, ಇನ್ನೂ ಒಂಚೂರು ದಪ್ಪ ಆಗೋದು ಹೇಗೆ?” ಎಂದು ಕೇಳಿದಾಗ ಬಹಳ ಗಂಭೀರವಾಗಿ ಸಲಹೆ ಕೊಟ್ಟಿದ್ದೆ.

ಮರುವರ್ಷ ಖರೀದಿದಾರಳು ಹೊಸ ಪತ್ರಿಕೆಯೊಂದನ್ನು ಹಿಡಿದು ಬಂದಳು. ಅದರ ಹಾಳೆಗಳಲ್ಲಿದ್ದ ಹುಡುಗಿಯರು ನೂಲು ಸುತ್ತುವ ಕದಿರಿನ ಹಾಗಿದ್ದರು. ದೊಗಳೆಯ ಕಾಲ ಮುಗಿದಿತ್ತು. ಈಗ ಮೈಗೆ ಅಂಟುವ ರಿಬ್ ಬಟ್ಟೆ, ಕಿರಿದಾದ ನಡು. ಎಂದಿನಂತೆ ಹೆಮ್ಮೆಯಿಂದ ಕೋಣೆಗೆ ಹೋಗಿ ಹೊಸ ಮೀಡಿಯಮ್ಮನ್ನು ತಲೆಯ ಮೇಲಿಂದ ಎಳೆದುಕೊಂಡೆ. ಅದು ತಲೆ ದಾಟಿತು, ಒಂದು ಕೈ ದಾಟಿತು, ಅಲ್ಲಿಗೆ ನಿಂತಿತು. ಮೇಲಕ್ಕೂ ಬಾರದು, ಕೆಳಕ್ಕೂ ಇಳಿಯದು. ಒಂದು ಕೈ ಎತ್ತಿ, ಆಣೆಯಿಡುವವಳ ಭಂಗಿಯಲ್ಲಿ ನಿಂತಿದ್ದ ನನ್ನನ್ನು ಧನಲಕ್ಷ್ಮಿ ಒಂದು ಕಡೆಯಿಂದ, ಖರೀದಿದಾರಳು ಇನ್ನೊಂದು ಕಡೆಯಿಂದ ಎಳೆದು ಬಿಡಿಸಿದರು. ಹೊರಗಿನಿಂದ ಮ್ಯಾನೇಜರ್ ಕೇಳಿದರು, “ಎನ್ನಾಚ್ಚು?” ಯಾರೋ ಹೇಳಿದರು, “ಸರೋಜಕ್ಕ ದಪ್ಪ ಆಗಿಬಿಟ್ಟಿದಾಳೆ.”

ಪೆಟ್ಟಿಗೆಗಳನ್ನು ತೂಗುವ ತಕ್ಕಡಿಯ ಮೇಲೆ ಯಾರೂ ಇಲ್ಲದಾಗ ನಿಂತು ನೋಡಿದೆ. ಹಿಂದಿನ ವರ್ಷದ ತೂಕವೇ. ತಕ್ಕಡಿ ಕೆಟ್ಟಿದೆ ಎಂದುಕೊಂಡೆ.

ಮೀಡಿಯಂ ಪದವಿ ಧನಲಕ್ಷ್ಮಿಗೆ ಹೋಯಿತು. ನಾನು ಊಟ ಬಿಟ್ಟೆ. ಹುರುಳಿ ನೀರನ್ನು ನಾನೇ ಕೇಳಿ ಎರಡು ಲೋಟ ಕುಡಿದೆ. ಅವ್ವ ಕಟ್ಟಿಕೊಟ್ಟ ಬುತ್ತಿಯನ್ನು ದಿನಾ ಬೇರೆಯವರಿಗೆ ಹಂಚಿದೆ. ನಾವೇ ಬೇಡವೆಂದುಕೊಂಡ ಹೆಸರನ್ನು ಬಿಡುವುದು ಸುಲಭ, ಕೈ ತಟ್ಟಿ ಕೊಟ್ಟ ಹೆಸರನ್ನು ಕಿತ್ತುಕೊಂಡರೆ ಬಿಡಲಾಗುವುದಿಲ್ಲ. ಜೊತೆಗೆ ಕೊಳ್ಳೇಗಾಲದ ಕಡೆಯವರು ತಿಂಗಳೊಳಗೆ ಹೆಣ್ಣು ನೋಡಲು ಬರುತ್ತಾರೆಂಬ ಸುದ್ದಿಯೂ ಬಂದಿತ್ತು. ಮೂರನೆಯ ಸಲವೂ ಆ “ಕೊಂಚ” ಕೇಳುವ ಶಕ್ತಿ ನನಗಿರಲಿಲ್ಲ.

ನಾಲ್ಕನೆಯ ವಾರ ಖರೀದಿದಾರಳು ತಯಾರಾದ ಮಾಲು ನೋಡಲು ಮತ್ತೆ ಬಂದ ದಿನ, ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ, ಚೆಕ್ಕಿಂಗ್ ಮೇಜಿನ ಮೇಲಿದ್ದ ಬಟ್ಟೆಯ ಪಟ್ಟೆಗಳೆಲ್ಲ ಅಲೆಯಾಡಿದವು. ಮುಂದಿನದು ನೆನಪಿಲ್ಲ. ಬಿದ್ದದ್ದು ಬಟ್ಟೆಯ ರಾಶಿಯ ಮೇಲಾದ್ದರಿಂದ ಏಟಾಗಲಿಲ್ಲ. ಕಣ್ಣು ಬಿಟ್ಟಾಗ ಮಾಸ್ಟರ್ ಗೋಲಿ ಸೋಡಾ ಹಿಡಿದು ಕೂತಿದ್ದರು.

“ಅಮ್ಮಣಿ, ಎಷ್ಟು ದಿನವಾಯ್ತು ಉಂಡು?” ಎಂದರು. ಅಮ್ಮಣಿ ಎಂದರೆ ನಮ್ಮ ಕಡೆ ಹೆಣ್ಣುಮಕ್ಕಳನ್ನು ಅಕ್ಕರೆಯಿಂದ ಕರೆಯುವ ಮಾತು. ಅದು ಕಿವಿಗೆ ಬಿದ್ದದ್ದೇ ನನಗೆ ಅಳು ಬಂತು, ಎಲ್ಲವನ್ನೂ ಹೇಳಿಬಿಟ್ಟೆ.

ಅವರು ನಗಲಿಲ್ಲ. ಎದ್ದು ಹೋಗಿ, ಬಟ್ಟೆ ಕತ್ತರಿಸಲು ಅಚ್ಚಾಗಿ ಇಟ್ಟುಕೊಳ್ಳುವ ಎರಡು ರಟ್ಟುಗಳನ್ನು ಗೋಡೆಯ ಮೊಳೆಯಿಂದ ತೆಗೆದು ತಂದರು. ಒಂದು ಹಿಂದಿನ ವರ್ಷದ ಮೀಡಿಯಂ, ಇನ್ನೊಂದು ಈ ವರ್ಷದ ಮೀಡಿಯಂ. ಒಂದರ ಮೇಲೊಂದು ಇಟ್ಟರು. ಹೊಸದರ ಅಂಚಿನಾಚೆ ಹಳೆಯದು ಎರಡೂ ಕಡೆ ನಾಲ್ಕು ನಾಲ್ಕು ಬೆರಳು ಚಾಚಿಕೊಂಡಿತ್ತು.

“ನೋಡಿಕೊ. ನೀನು ಬೆಳೆಯಲಿಲ್ಲ. ರಟ್ಟು ಚಿಕ್ಕದಾಯ್ತು. ಅವರು ಬರೆದು ಕಳಿಸಿದರು, ನಾನು ಕತ್ತರಿಸಿದೆ. ಮುಂದಿನ ವರ್ಷ ದೊಡ್ಡದು ಮಾಡು ಅಂತಾರೆ, ದೊಡ್ಡದು ಮಾಡ್ತೀನಿ. ನನ್ನ ಕತ್ತರಿ ಹೋದ ಕಡೆಯೆಲ್ಲ ನಿನ್ನ ಮೈ ಹೋಗಬೇಕೇನಮ್ಮಾ?”

ಇಷ್ಟರಲ್ಲಿ ಖರೀದಿದಾರಳು ಬಂದು ನನ್ನ ಪಕ್ಕದಲ್ಲಿ ಕೂತಳು. ತನ್ನ ಚೀಲದಿಂದ ಒಂದು ಒಣ ಬಿಸ್ಕತ್ತು ತೆಗೆದು ನನಗೆ ಕೊಟ್ಟಳು. ಮಾಸ್ಟರ ರಟ್ಟಿಗೂ ಅದಕ್ಕೂ ರುಚಿಯಲ್ಲಿ ಬಹಳ ವ್ಯತ್ಯಾಸವಿರಲಿಲ್ಲ. ಅವಳ ಮಧ್ಯಾಹ್ನದ ಊಟವೇ ಅದು ಎಂದು ಮ್ಯಾನೇಜರ್ ಹೇಳಿದಾಗ ನನಗೆ ಮರುಕವಾಯಿತು. ನನ್ನ ಬುತ್ತಿ ಬಿಚ್ಚಿ ಅವಳ ಮುಂದಿಟ್ಟೆ: ಅಕ್ಕಿ ತೊಗರಿಬೇಳೆ ಒಟ್ಟಿಗೆ ಬೇಯಿಸಿದ ಅನ್ನ, ಮೇಲೆ ದೊಡ್ಡವ್ವನ ಕಣ್ಣು ತಪ್ಪಿಸಿ ಅವ್ವ ಸುರಿದ ತುಪ್ಪ. ಅವಳು ಬೇಡವೆಂದು ಕೈಯಾಡಿಸಿದಳು, ವಾಸನೆ ನೋಡಿದಳು, ಒಂದು ತುತ್ತು ತಿಂದಳು. ಆಮೇಲೆ ನಾವಿಬ್ಬರೂ ಸರಿಪಾಲಾಗಿ ತಿಂದು ಮುಗಿಸಿದೆವು. ಬೆರಳು ನೆಕ್ಕಿಕೊಂಡು ಅವಳು ತನ್ನ ಅಂಗಿಯ ಕುತ್ತಿಗೆಯನ್ನು ಹಿಂದಿನಿಂದ ಮಗುಚಿ ತೋರಿಸಿದಳು. ಸೈಜಿನ ಚೀಟಿ ಇರಬೇಕಾದ ಜಾಗದಲ್ಲಿ ಕತ್ತರಿಸಿದ ದಾರದ ತುಂಡುಗಳಿದ್ದವು. ಯಾರಿಗೂ ಕಾಣದಂತೆ ತಾನೇ ಕತ್ತರಿಸಿಕೊಂಡಿದ್ದಳು. ನಮ್ಮ ಅಂಗಿಗಳಿಗೆ ಅಳತೆ ಬರೆದು ಕಳಿಸುವವಳೂ ಅದರೊಳಗೆ ಹಿಡಿಸುತ್ತಿರಲಿಲ್ಲ. ಅವಳು ತುಟಿಯ ಮೇಲೆ ಬೆರಳಿಟ್ಟು ನಕ್ಕಳು. ನಾನೂ ನಕ್ಕೆ.

ಅಂದಿನಿಂದ ಹೊಟ್ಟೆ ತುಂಬ ಉಂಡೆ. ಹಾಗೆಂದು ಒಂದೇ ದಿನದಲ್ಲಿ ಧೀರಳಾದೆ ಎಂದುಕೊಳ್ಳಬೇಡಿ. ಕೊಳ್ಳೇಗಾಲದವರು ಬಂದ ಭಾನುವಾರ ದೊಡ್ಡವ್ವ ಕಡು ನೀಲಿ ಸೀರೆ ಉಡಿಸಿ, ಬೆಳಕು ಕಡಿಮೆಯಿರುವ ಮೂಲೆಯಲ್ಲಿ ಚಾಪೆ ಹಾಸಿ, “ಉಸಿರು ಹಿಡ್ಕೊಂಡು ಕೂರು ಕಣ್ಣೂ” ಎಂದು ಮುದ್ದಿನಿಂದ ಹೇಳಿದಾಗ ತಲೆಯಾಡಿಸಿ ಹೊಟ್ಟೆಯನ್ನು ಒಳಗೆಳೆದುಕೊಂಡು ಕೂತೆ. ಅವರು ಬರುವ ಗೌರವಕ್ಕೆ ಮಗ್ಗ ನಿಲ್ಲಿಸಿದ್ದರು, ಆ ಮೌನದಲ್ಲಿ ನನ್ನ ಉಸಿರು ನನಗೇ ಕೇಳುತ್ತಿತ್ತು.

ಹುಡುಗ ಎದುರಿಗೆ ಕೂತರು. ರೇಷ್ಮೆ ನೇಯುವ ಮನೆಯವರು. ಮೈಕಟ್ಟು ತಕ್ಕಮಟ್ಟಿಗಿತ್ತು, ಆದರೆ ಮಣಿಕಟ್ಟು ಮಾತ್ರ ಕಡ್ಡಿಯಂತಿತ್ತು. ಸೆಕೆಗೆ ಎಲ್ಲರಿಗಿಂತ ಹೆಚ್ಚು ಬೆವರುತ್ತಿದ್ದರು. ನಾನು ತಲೆ ತಗ್ಗಿಸಿಯೇ ನೋಡಿದೆ. ಅವರ ಶರ್ಟಿನ ತೆರೆದ ಗುಂಡಿಯ ಹತ್ತಿರ ಬನಿಯನ್ನಿನ ಕುತ್ತಿಗೆಪಟ್ಟಿ ಕಂಡಿತು. ಅದರ ಕೆಳಗೆ ಇನ್ನೊಂದು. ಎರಡು ವರ್ಷ ಇದೇ ಕೆಲಸ ಮಾಡಿದ ಕಣ್ಣು, ಬಿಟ್ಟೀತೆ? ಬಾಯಿಂದ ಬಂದೇಬಿಟ್ಟಿತು:

“ಎರಡು ಬನಿಯನ್ ಹಾಕ್ಕಂಡಿದೀರಾ?”

ದೊಡ್ಡವ್ವನ ಕೈಯಿಂದ ವೀಳ್ಯದ ತಟ್ಟೆ ಜಾರಿತು. ಹುಡುಗನ ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಹುಡುಗ ಕೆಂಪಾಗಿ ಹೇಳಿದರು, “ಮೂರು. ಎರಡು ಕಡೆ ಹುಡುಗ ತುಂಬಾ ಸಣ್ಣ ಅಂತ ಬೇಡ ಅಂದರು. ಅದಕ್ಕೆ ಅಮ್ಮ…”

ಅಪ್ಪ ಮೊದಲು ನಕ್ಕರು. ಆಮೇಲೆ ಯಾರೂ ತಡೆದುಕೊಳ್ಳಲಿಲ್ಲ. ನಗು ಇಳಿದ ಮೇಲೆ ಅವ್ವ, “ಒಳಗೆ ಹೋಗಿ ತೆಗೆದು ಬನ್ನಿ ಸಾಮಿ, ಬೇಯ್ತಾ ಇದೀರಿ” ಎಂದು ಮಗ್ಗದ ಕೋಣೆ ತೋರಿಸಿದಳು. ಅವರು ಹೋದರು. ಹಿಂದಿರುಗಿದಾಗ ಅವರ ಶರ್ಟು ಹಿಂದಿನ ವರ್ಷದ ಟೀ ಶರ್ಟಿನ ಹಾಗೆ ಜೋಲಾಡುತ್ತಿತ್ತು. ಚಾಪೆಯ ಮೇಲೆ ಕೂತು ಒಂದು ದೀರ್ಘ ಉಸಿರು ಬಿಟ್ಟರು. ಒಬ್ಬ ಮನುಷ್ಯ ಅಷ್ಟು ನೆಮ್ಮದಿಯಾಗಿ ಉಸಿರು ಬಿಟ್ಟದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಕೂತಲ್ಲೇ ನಾನೂ ಹೊಟ್ಟೆಯನ್ನು ಮೆಲ್ಲಗೆ ಸಡಿಲ ಬಿಟ್ಟೆ. ಅವರು ಅದನ್ನು ನೋಡಿದರು, ನೋಡಿ ನಕ್ಕರು. ನಮ್ಮಿಬ್ಬರ ಮಟ್ಟಿಗೆ ಮದುವೆ ನಿಶ್ಚಯವಾದದ್ದು ಆಗಲೇ. ಹಿರಿಯರಿಗೆ ಇನ್ನೂ ಒಂದು ಗಂಟೆ ಹಿಡಿಯಿತು.