ಲೆವೆಲಣ್ಣ ಕತ್ತರಿಸಿದ ಬೇರು

ಅವನ ಕಟಿಂಗ್ ಅಂಗಡಿಗೆ ಬರುವವರೆಲ್ಲ ಅವನನ್ನು ಲೆವೆಲಣ್ಣ ಎಂದೇ ಕರೆಯುತ್ತಿದ್ದರು. ಎರಡು ಕಿವಿಗಳ ಪಕ್ಕದ ಕೂದಲು ಒಂದೆಳೆ ಹೆಚ್ಚುಕಮ್ಮಿಯಾದರೂ ಅವನಿಗೆ ಸಮಾಧಾನವಿಲ್ಲ. "ತಡೀರಿ, ಸ್ವಲ್ಪ ಲೆವೆಲ್ ಮಾಡ್ಬಿಡ್ತೀನಿ" ಎಂದು ಕುರ್ಚಿಯಿಂದ ಎದ್ದವರನ್ನೂ ಮತ್ತೆ ಕೂರಿಸುತ್ತಿದ್ದ. ಗಿರಾಕಿಯ ತಲೆ ಹಾಗಿರಲಿ, ಗೋಡೆಯ ಕ್ಯಾಲೆಂಡರ್ ಓರೆಯಾಗಿದ್ದರೂ ಅವನ ಕೈ ಸುಮ್ಮನಿರುತ್ತಿರಲಿಲ್ಲ. ಕೈಕೆಲಸದಲ್ಲಿ ಇಷ್ಟು ಅಚ್ಚುಕಟ್ಟಾದ ಮನುಷ್ಯ ನಿಜ ಹೇಳಬೇಕಾದಾಗ ಎಂಥ ಪುಕ್ಕಲ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಅವನಿಗೂ ಅದು ಗೊತ್ತಾದದ್ದು ಐವತ್ತೆರಡು ತುಂಬಿದ ಮೇಲೆ.

ಅಂಗಡಿಯ ಮೇಲಿನ ಮನೆಯಲ್ಲಿ ಅವನೂ ಅವನ ಅಕ್ಕನೂ ಇದ್ದರು. ತಾಯಿ ಹೋದಾಗ ಅವನಿಗೆ ಎಂಟು ವರ್ಷ. ಸಾಕಿ ದೊಡ್ಡವನನ್ನಾಗಿ ಮಾಡಿದ್ದು ಅಕ್ಕನೇ. ಪ್ರೆಸ್ಸಿನಲ್ಲಿ ಮೂವತ್ತು ವರ್ಷ ಪ್ರೂಫ್ ತಿದ್ದಿ ನಿವೃತ್ತಳಾದ ಮೇಲೆ ಅವಳಿಗೆ ಆರ್ಕಿಡ್ ಹುಚ್ಚು ಹಿಡಿದಿತ್ತು. ಬಾಲ್ಕನಿಯ ಸೂರಿಗೆ ಐದು ತೂಗುಬುಟ್ಟಿಗಳು. ಅದರಲ್ಲೊಂದೆಂದರೆ ಅವಳಿಗೆ ಜೀವ. ಆ ಬುಟ್ಟಿಯೊಳಗೆ ಹಿಡಿ ಮಣ್ಣಿಲ್ಲ, ಬರೀ ನಾಲ್ಕು ಇದ್ದಿಲು ಚೂರು; ಬೂದು ಬಣ್ಣದ ಬೇರುಗಳು ಕೆಳಗೆ ಮೊಳಗಟ್ಟಲೆ ಜೋತುಬಿದ್ದಿದ್ದವು. ಆರು ವರ್ಷ ಒಂದು ಹೂವೂ ಕೊಡದೆ ಸತಾಯಿಸಿದ ಗಿಡ, ಅಕ್ಕ ಕಣ್ಣಿನ ಆಪರೇಷನ್‌ಗೆ ಹೊರಟ ವಾರವೇ ಎಲೆಸಂದಿಯಲ್ಲಿ ಹೂಕಡ್ಡಿಯ ಹಸಿರು ಮೂತಿ ತೋರಿಸಿತು. "ದಿನಾ ಬೆಳಿಗ್ಗೆ ನೀರು ಚಿಮುಕಿಸು, ಮರೀಬೇಡ" ಎಂದಷ್ಟೇ ಹೇಳಿ ಹೋದಳು. ಬೇರು ಮುಟ್ಟಬೇಡ ಎಂದೂ ಹೇಳಬೇಕೆಂದು ಯಾರಿಗೆ ತಾನೇ ಹೊಳೆದೀತು?

ಅವಳು ಬರುವ ಹಿಂದಿನ ದಿನ ಅವನು ಬಾಲ್ಕನಿ ಗುಡಿಸಿ ಒರೆಸಿದ, ಕಂಬಿ ತೊಳೆದ. ಆಮೇಲೆ ಬೇರುಗಳತ್ತ ಕಣ್ಣು ಹೋಯಿತು. ಒಂದು ಉದ್ದ, ಒಂದು ಮೋಟು, ಒಂದು ಸೊಟ್ಟ. ವರ್ಷಗಟ್ಟಲೆ ಕತ್ತರಿ ಕಾಣದ ತಲೆಯ ಹಾಗೆ. ಗಿಡ ಇರುವುದು ಬುಟ್ಟಿಯಲ್ಲಿ, ಹೊರಗೆ ಜೋತಿರುವುದು ಯಾವ ಉಪಯೋಗಕ್ಕೆ ಎಂದುಕೊಂಡ. ಅಕ್ಕನಿಗೆ ಖುಷಿಯಾಗಲಿ ಎಂದು ಅಂಗಡಿಯ ಒಳ್ಳೆಯ ಕತ್ತರಿಯನ್ನೇ ತಂದು, ಬಾಚಣಿಗೆ ಅಡ್ಡ ಹಿಡಿದು, ಬುಟ್ಟಿಯ ತಳಕ್ಕೆ ಸರಿಯಾಗಿ ಲೆವೆಲ್ ಮಾಡಿದ. ಹಿಂದೆ ಸರಿದು ನೋಡಿ ತನ್ನನ್ನು ತಾನೇ ಮೆಚ್ಚಿಕೊಂಡ ಕೂಡ.

ಅಕ್ಕ ಬಂದಳು. ಕಣ್ಣಿನ ಹಿಂದಿನ ಕಳಚಿದ್ದ ಪರದೆಯನ್ನು ಮತ್ತೆ ಕೂರಿಸಿದ್ದರಿಂದ ಮೂರು ವಾರ ತಲೆ ಬಗ್ಗಿಸಿಯೇ ಇರಬೇಕೆಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಇನ್ನೊಂದು ಕಣ್ಣು ಮೊದಲಿನಿಂದಲೂ ಅಷ್ಟಕ್ಕಷ್ಟೆ. ಕೂತವಳೇ ಕೇಳಿದಳು: "ಬೇರಿಗೆ ಚೆನ್ನಾಗಿ ನೀರು ಹೊಡೆದ್ಯಾ? ಆ ಜೋತಿರೋ ಬೇರೇ ಅದಕ್ಕೆ ಬಾಯಿ ಕಣೋ."

ಅವನು ತಿರುಗಿ ಬುಟ್ಟಿಯ ಬೋಳು ತಳ ನೋಡಿದ. ಆಗಲೇ ಹೇಳಿಬಿಟ್ಟಿದ್ದರೆ ನಾಲ್ಕು ಬೈಗುಳದಲ್ಲಿ ಮುಗಿಯುತ್ತಿತ್ತು. ಅವನು "ಹೂಂ" ಎಂದ.

ವಾರದೊಳಗೆ ಎಲೆಗಳು ಸುಕ್ಕುಗಟ್ಟಿದವು, ಹೂಕಡ್ಡಿ ಕಪ್ಪಾಗಿ ಮುರುಟಿತು. ಒಳಗಿನಿಂದ ಅಕ್ಕನ ದನಿ: "ಮೊಗ್ಗು ಬಂತಾ?"

"ಎರಡು ಬಂದಿದೆ ಅಕ್ಕಾ."

ಎರಡು ನಾಲ್ಕಾಯಿತು, ನಾಲ್ಕು ಏಳಾಯಿತು. ಬಣ್ಣ ಯಾವುದು ಎಂದು ಕೇಳಿದಾಗ, "ನೇರಳೆ. ಅಂಚಲ್ಲಿ ಸ್ವಲ್ಪ ಬಿಳಿ" ಎಂದ. ಬಿಳಿಯ ಮಾತು ಅವಳು ಕೇಳಿರಲೇ ಇಲ್ಲ; ಅದನ್ನು ತಾನಾಗಿ ಸೇರಿಸಿದ್ದಕ್ಕೆ ಅವನಿಗೇ ತನ್ನ ಮೇಲೆ ಹೇಸಿಗೆಯಾಯಿತು. ತಲೆ ತಗ್ಗಿಸಬೇಕಾದವನು ನೆಟ್ಟಗೆ ನಿಂತಿದ್ದ, ಏನೂ ಮಾಡದವಳು ತಲೆ ತಗ್ಗಿಸಿ ಕೂತು ನಗುತ್ತಿದ್ದಳು. ಪ್ರೆಸ್ಸಿನ ಹಳೆಯ ಗೆಳತಿಗೆ ಫೋನಿನಲ್ಲಿ, "ನನ್ನ ತಮ್ಮ ದಿನಾ ವರದಿ ಒಪ್ಪಿಸ್ತಾನೆ ಕಣೇ, ನಾನೇ ನೋಡಿದ ಹಾಗಾಗುತ್ತೆ" ಎಂದಳು. ಅಂದು ಅವನು ಮೊದಲ ಬಾರಿಗೆ ಗಿರಾಕಿಯ ಕಿವಿ ಗೀರಿದ.

ಮೂರು ವಾರವಾಯಿತು. ಇನ್ನು ತಲೆ ಎತ್ತಬಹುದೆಂದು ಡಾಕ್ಟರು ಹೇಳಿ ಕಳಿಸಿದ ದಿನ, ಆಸ್ಪತ್ರೆಯಿಂದ ಮರಳುವಾಗ ಆಟೋದಲ್ಲಿ ಹೇಳಬೇಕೆಂದು ಅವನು ಮೂರು ಸಲ ಬಾಯಿ ತೆರೆದು ಮೂರು ಸಲವೂ ಮುಚ್ಚಿದ. ಅವಳು ಚಪ್ಪಲಿ ಬಿಟ್ಟವಳೇ ಬಾಲ್ಕನಿಗೆ ಹೋಗಿ ತಲೆ ಎತ್ತಿದಳು. ಇಲಿ ಕಡಿಯಿತು ಎನ್ನೋಣವೆಂದು ಅವನ ನಾಲಿಗೆ ತುದಿಗೆ ಬಂದಿತ್ತು. ಆದರೆ ಬೇರಿನ ಮೋಟುಗಳು ಗೆರೆ ಎಳೆದಂತೆ ಸಮವಾಗಿ ನಿಂತಿದ್ದವು.

"ನಾನೇ ಅಕ್ಕಾ. ಅಂದವಾಗಿ ಕಾಣ್ಲಿ ಅಂತ."

ಅಕ್ಕ ಕೈ ಎತ್ತಿ ಆ ಮೋಟುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು.

"ಬೇರು ಕತ್ತರಿಸಿದ್ದಕ್ಕೆ ನಾನು ಸಿಟ್ಟು ಮಾಡ್ತಿರ್ಲಿಲ್ಲ. ನೀನು ಗೊತ್ತಿಲ್ದೆ ಮಾಡ್ದೆ" ಎಂದಳು ಕೊನೆಗೆ. "ಬಣ್ಣ ಕೇಳಿದ್ನಲ್ಲೋ. ಅದಕ್ಕೂ ಒಂದು ಸುಳ್ಳು ಹೇಳಿದ್ಯಲ್ಲ."

ಅವನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಸಂಜೆ ಕಣ್ಣಿಗೆ ಔಷಧಿ ಹಾಕುವ ಹೊತ್ತಾಯಿತು. ಇಷ್ಟು ದಿನ ಅವನು ಹತ್ತಿರ ಬಂದರೆ ಸಾಕು, ಯಾವ ಬಾಟಲಿ ಎಂದೂ ಕೇಳದೆ ಮುಖವೊಡ್ಡುತ್ತಿದ್ದಳು. ಇಂದು ಬಾಟಲಿಯನ್ನು ಅವನ ಕೈಯಿಂದ ಇಸಿದುಕೊಂಡು ಕಿಟಕಿಯ ಬಳಿ ಹೋದಳು. ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, ಅದರ ಮೇಲಿನ ಚೀಟಿಯನ್ನು ಒಂದೊಂದೇ ಅಕ್ಷರವಾಗಿ ಓದತೊಡಗಿದಳು. ಅವಳು ಓದಿ ಮುಗಿಸುವವರೆಗೂ ಅವನು ಖಾಲಿ ಕೈ ಚಾಚಿಕೊಂಡೇ ನಿಂತಿದ್ದ.